ತೋಟಕ್ಕೆ, ಚಾರಣಕ್ಕೆ, ಕಡಲಿಗೆ: ಯಾವ ವಾಕಿಟಾಕಿ ಯಾರಿಗೆ?

ಕಾಫಿ ಕುಯ್ಲಿನ ಸಮಯ. ಸಂಜೆ ಐದರ ಹೊತ್ತಿಗೆ ಹಡ್ಲಿನ, ಅಂದರೆ ತಗ್ಗಿನ ಜೌಗು ನೆಲದ, ಅಂಚಿನಲ್ಲಿ ಎರಡು ಆನೆ ಇಳಿದದ್ದನ್ನು ನಮ್ಮ ಮೇಸ್ತ್ರಿ ನೋಡಿದ. ಅದೇ ದಾರಿಯಲ್ಲಿ ಹನ್ನೊಂದು ಜನ ಹೆಂಗಸರು ಹಣ್ಣು ತೂಗಿಸಿ ಲೈನ್ ಮನೆ ಕಡೆ ಹೊರಟಿದ್ದರು. ತೋಟದ ಲೆಕ್ಕ ಬರೆಯುವ ರೈಟರಿಗೆ ಫೋನು ಮಾಡಿದರೆ ನೆಟ್‌ವರ್ಕ್ ಇಲ್ಲ. ಮೇಸ್ತ್ರಿ ಗುಡ್ಡ ಹತ್ತಿ ಓಡಿ, ಕೂಗಿ, ಅವರನ್ನು ತಿರುವಿನಲ್ಲೇ ನಿಲ್ಲಿಸಿದ. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಗಾಗುವಷ್ಟರಲ್ಲಿ ತೋಟಕ್ಕೆ ವಾಕಿಟಾಕಿ ತರುವುದೆಂದು ನಿರ್ಧರಿಸಿದ್ದೆ.

ಸಕಲೇಶಪುರದ ಕಡೆಯ ನಾವು ಏನೇ ಕೊಳ್ಳುವಾಗಲೂ ಮೊದಲು ಕೇಳುವುದು ‘ಎಷ್ಟು ಪವರ್?’ ಅಂತ. ನಾನೂ ಐದು ವ್ಯಾಟ್, ಎಂಟು ವ್ಯಾಟ್ ಎಂದು ಹುಡುಕುತ್ತಾ ಕೂತೆ. ಒಂದು ಚೀನಾ ಸೆಟ್ಟಿಗೆ ದುಡ್ಡು ಕಟ್ಟುವುದರಲ್ಲಿದ್ದಾಗ ಹ್ಯಾಮ್, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೊದವ, ಆಗಿದ್ದ ಗೆಳೆಯನೊಬ್ಬ ಎರಡೇ ಪ್ರಶ್ನೆ ಕೇಳಿದ. ಮಾತಾಡುವ ಇಬ್ಬರ ನಡುವೆ ಏನಿದೆ? ಮಾತಾಡುವವರು ಯಾರು? ಈಗ ಅಕ್ಕಪಕ್ಕದ ತೋಟದವರು, ಚಾರಣಕ್ಕೆ ಹೋಗುವ ಹುಡುಗರು ನನ್ನನ್ನು ಕೇಳಿದಾಗ ನಾನೂ ಅವೇ ಎರಡನ್ನು ಕೇಳುತ್ತೇನೆ. ಮೊದಲನೆಯದು ದೂರವನ್ನು ತೀರ್ಮಾನಿಸುತ್ತದೆ, ಎರಡನೆಯದು ಲೈಸೆನ್ಸನ್ನು.

ನಡುವೆ ಏನಿದೆ?

ವಾಕಿಟಾಕಿಯ ಅಲೆ ಹೆಚ್ಚುಕಡಿಮೆ ಕಣ್ಣಿನ ದೃಷ್ಟಿಯ ಹಾಗೆ ನೇರಕ್ಕೆ ಹೋಗುತ್ತದೆ. ಭೂಮಿ ಬಾಗಿರುವುದರಿಂದ ಅದಕ್ಕೊಂದು ಅಂಚಿದೆ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಆ ಅಂಚು ಎಷ್ಟು ಕಿಲೋಮೀಟರ್ ದೂರ ಎಂದು ಗೊತ್ತಾಗುತ್ತದೆ. ನೆಲದ ಮೇಲೆ ನಿಂತವನ ಕೈಯ ಸೆಟ್ಟು ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ಸುಮಾರು 5 ಕಿ.ಮೀ. ಆಚೆ ಇನ್ನೊಬ್ಬನೂ ಹಾಗೇ ನಿಂತಿದ್ದರೆ ಒಟ್ಟು 10 ಕಿ.ಮೀ. ಅದೂ ನಡುವೆ ಏನೂ ಇಲ್ಲದ ಬಟ್ಟಬಯಲಿನಲ್ಲಿ ಮಾತ್ರ. ಡಬ್ಬದ ಮೇಲೆ ಅಚ್ಚಾಗುವ ದೊಡ್ಡ ದೊಡ್ಡ ದೂರಗಳೆಲ್ಲ ಬಯಲಿನ, ಬೆಟ್ಟದ ತುದಿಯ ಲೆಕ್ಕ. ಸುತ್ತಲ ನೆಲಕ್ಕಿಂತ 600 ಮೀಟರ್ ಎತ್ತರದ ನೆತ್ತಿಯ ಮೇಲೆ ನಿಂತರೆ ಅದೇ ಸೂತ್ರ 100 ಕಿ.ಮೀ. ತೋರಿಸುತ್ತದೆ. ಹ್ಯಾಮ್‌ಗಳು ಸಣ್ಣ ಸೆಟ್ಟು ಹಿಡಿದು ಬೆಟ್ಟ ಹತ್ತುವುದು ಇದೇ ಕಾರಣಕ್ಕೆ.

ವ್ಯಾಟಿನ ಲೆಕ್ಕ ನೋಡಿ. ಅರ್ಧ ವ್ಯಾಟಿನಿಂದ ಐದು ವ್ಯಾಟಿಗೆ ಹೋದರೆ ಶಕ್ತಿ ಹತ್ತು ಪಟ್ಟು. ಖಾಲಿ ಆಕಾಶದಲ್ಲಿ ದೂರ ಹೆಚ್ಚುವುದು ಮೂರು ಪಟ್ಟು ಮಾತ್ರ, ಮರಗಿಡಗಳ ನಡುವೆ ಅದೂ ಇಲ್ಲ. ಮಧ್ಯೆ ಮಣ್ಣಿನ ಗುಡ್ಡ ಅಡ್ಡ ಬಂದರೆ ಐದು ವ್ಯಾಟೂ ಅರ್ಧ ವ್ಯಾಟೂ ಹೆಚ್ಚುಕಡಿಮೆ ಒಂದೇ. ನಮ್ಮ ಹಳ್ಳದ ಆ ಬದಿಯಿಂದ ಈ ಬದಿಗೆ, ಒಬ್ಬರಿಗೊಬ್ಬರು ಕಾಣುವ ಜಾಗದಲ್ಲಿ, ಅರ್ಧ ವ್ಯಾಟಿನ ಸೆಟ್ಟು ಎರಡು ಕಿಲೋಮೀಟರ್ ಸ್ಪಷ್ಟವಾಗಿ ಕೇಳಿಸಿದೆ. ಅದೇ ಸೆಟ್ಟು ಮಳೆಗಾಲದಲ್ಲಿ, ಒದ್ದೆ ಎಲೆ ತುಂಬಿದ ಬ್ಲಾಕಿನೊಳಗೆ ಏಳೆಂಟು ನೂರು ಮೀಟರಿಗೆ ಗೊರಗೊರ ಎಂದಿದೆ.

ವಿಎಚ್‌ಎಫ್, ಯುಎಚ್‌ಎಫ್ ಎಂಬ ಎರಡು ಪದಗಳೂ ಇಲ್ಲೇ ಬರುತ್ತವೆ. 150 ಮೆಗಾಹರ್ಟ್ಸ್ ಸುತ್ತಮುತ್ತಲಿನ ವಿಎಚ್‌ಎಫ್ ಅಲೆ ಸುಮಾರು ಎರಡು ಮೀಟರ್ ಉದ್ದ. ಎಲೆ, ಕೊಂಬೆ ಅದನ್ನು ಅಷ್ಟಾಗಿ ನುಂಗುವುದಿಲ್ಲ. 450ರ ಸುತ್ತಲಿನ ಯುಎಚ್‌ಎಫ್ ಅಲೆ ಎಪ್ಪತ್ತು ಸೆಂಟಿಮೀಟರಿಗೂ ಕಡಿಮೆ. ಕಾಡಿನಲ್ಲಿ ಬೇಗ ಸೋಲುತ್ತದೆ, ಆದರೆ ಕಟ್ಟಡದ ಕಿಟಕಿ ಬಾಗಿಲುಗಳಲ್ಲಿ ಚೆನ್ನಾಗಿ ನುಸುಳುತ್ತದೆ. ದಟ್ಟ ಮರಗಳ ನಡುವಿನ ಕೆಲಸಕ್ಕೆ ವಿಎಚ್‌ಎಫ್, ಅಪಾರ್ಟ್‌ಮೆಂಟ್, ಆಸ್ಪತ್ರೆ, ಛತ್ರಗಳಿಗೆ ಯುಎಚ್‌ಎಫ್ ಎಂದು ಇಟ್ಟುಕೊಂಡರೆ ಹೆಚ್ಚು ತಪ್ಪಾಗದು.

ಲೈಸೆನ್ಸ್ ಬೇಡದ ಸೆಟ್ಟು

ನಮ್ಮ ದೇಶದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಆವರ್ತನ ಪಟ್ಟಿಯನ್ನು 2018ರ ನಿಯಮಗಳು ಲೈಸೆನ್ಸಿನಿಂದ ಬಿಡುಗಡೆ ಮಾಡಿವೆ. ಅಲ್ಲಿ ನಡೆಯುವುದು ಅರ್ಧ ವ್ಯಾಟಿನ ಸಣ್ಣ ಸೆಟ್ಟುಗಳು. ಆಂಟೆನಾ ಬಿಚ್ಚಲು ಬರುವುದಿಲ್ಲ, ಬರಬಾರದು ಕೂಡ. ಯಾರು ಬೇಕಾದರೂ, ತೋಟದ ಯಾವ ಆಳಾದರೂ ಹಿಡಿದು ಮಾತಾಡಬಹುದು. ಪರೀಕ್ಷೆ ಇಲ್ಲ, ವರ್ಷದ ಶುಲ್ಕವಿಲ್ಲ.

ಕೊಳ್ಳುವಾಗ ಎರಡು ಸಂಗತಿ ಖಚಿತಪಡಿಸಿಕೊಳ್ಳಿ. ಆವರ್ತನ ಈ ಪಟ್ಟಿಯೊಳಗೇ ಇರಬೇಕು. ಸರ್ಕಾರದ ಉಪಕರಣ ಅನುಮೋದನೆ, ಅಂದರೆ ಇಟಿಎ, ಆಗಿರಬೇಕು. ಆನ್‌ಲೈನ್ ಅಂಗಡಿಗಳಲ್ಲಿ ಇವೆರಡನ್ನೂ ಹೇಳದೆ ವಾಕಿಟಾಕಿ ಮಾರುವುದು ಹೆಚ್ಚಿದ್ದರಿಂದಲೇ 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ದೊಡ್ಡ ದೊಡ್ಡ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟು, ಆಮೇಲೆ ಮಾರ್ಗಸೂಚಿಯನ್ನೂ ಹೊರಡಿಸಿತು. ಪುಟದಲ್ಲಿ ಆವರ್ತನವೇ ಬರೆದಿಲ್ಲದ ಸೆಟ್ಟನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬಿಟ್ಟುಬಿಡಿ.

ನಾನು ಕೊಳ್ಳಲು ಹೊರಟಿದ್ದ ಚೀನಾ ಸೆಟ್ಟಿನ ತೊಂದರೆ ಇಲ್ಲೇ ಇತ್ತು. ಅಂಥವು 136ರಿಂದ 174, 400ರಿಂದ 520 ಮೆಗಾಹರ್ಟ್ಸ್ ಎಂದು ಎಲ್ಲ ಕಡೆಯೂ ಬಾಯಿ ತೆರೆಯುತ್ತವೆ. ಆ ಹರವಿನೊಳಗೆ ಹಡಗುಗಳೂ ಇವೆ, ಭದ್ರತಾ ಪಡೆಗಳೂ ಇವೆ, ದುಡ್ಡು ಕಟ್ಟಿ ಲೈಸೆನ್ಸ್ ಪಡೆದ ಕಾರ್ಖಾನೆಗಳೂ ಇವೆ. ಗೊತ್ತಿಲ್ಲದೆ ಗುಂಡಿ ಒತ್ತಿದರೆ ಯಾರದೋ ತುರ್ತು ಮಾತಿನ ಮೇಲೆ ನಮ್ಮ ಮಾತು ಬೀಳುತ್ತದೆ. ‘446ಕ್ಕೇ ಹಾಕಿಕೊಂಡರೆ ಸಾಕಲ್ಲ?’ ಎಂದು ಬಹಳ ಜನ ಕೇಳುತ್ತಾರೆ. ಸಾಲದು. ವಿನಾಯಿತಿ ಇರುವುದು ಅರ್ಧ ವ್ಯಾಟಿನ, ಅದಕ್ಕೆಂದೇ ಅನುಮೋದನೆ ಪಡೆದ ಸೆಟ್ಟಿಗೆ. ಐದು ವ್ಯಾಟಿನ, ಆಂಟೆನಾ ಬಿಚ್ಚುವ ಸೆಟ್ಟು ಆ ಪಟ್ಟಿಯಲ್ಲಿ ಮಾತಾಡಿದರೂ ಅಕ್ರಮವೇ.

ಈ ಸಣ್ಣ ಸೆಟ್ಟು ಸರಿಹೊಂದುವ ಜಾಗಗಳು ನಾವಂದುಕೊಳ್ಳುವುದಕ್ಕಿಂತ ಹೆಚ್ಚು. ಒಂದೇ ಇಳಿಜಾರಿನ ತೋಟ, ಜಾತ್ರೆಯ ಸ್ವಯಂಸೇವಕರು, ಮದುವೆ ಛತ್ರದ ಅಡುಗೆಮನೆ ಮತ್ತು ಬಾಗಿಲು, ಒಟ್ಟಿಗೆ ಹೊರಟ ನಾಲ್ಕು ಕಾರು, ಕುಮಾರಪರ್ವತ ಹತ್ತುವ ತಂಡದ ಮುಂದಿನವನು ಮತ್ತು ಕೊನೆಯವನು. ಚಾರಣದವರಿಗೆ ಒಂದು ಮಾತು: ಸೆಟ್ಟು ತಂಡದೊಳಗಿನ ಮಾತಿಗೆ ಮಾತ್ರ. ಕಾಲು ಮುರಿದರೆ ಇದರಲ್ಲಿ ಅರಣ್ಯ ಇಲಾಖೆಯವರನ್ನು ಕರೆಯಲಾಗದು, ಅವರ ವೈರ್‌ಲೆಸ್ ಬೇರೆಯೇ. ದಾರಿಯಲ್ಲಿ ಎಲ್ಲೆಲ್ಲಿ ಮೊಬೈಲ್ ಸಿಗುತ್ತದೆ ಎಂದು ಹತ್ತುವಾಗಲೇ ಗುರುತು ಹಾಕಿಕೊಳ್ಳಿ.

ಹ್ಯಾಮ್ ಲೈಸೆನ್ಸು

ನನಗೆ ಅತ್ಯಂತ ಪ್ರಿಯವಾದ ದಾರಿ ಇದು. ಅದಕ್ಕಾಗಿಯೇ ಎಚ್ಚರಿಕೆಯಿಂದ ಹೇಳಬೇಕಾಗಿದೆ.

ಹನ್ನೆರಡು ವರ್ಷ ತುಂಬಿದ ಯಾರಾದರೂ ಪರೀಕ್ಷೆ ಬರೆಯಬಹುದು. ರೇಡಿಯೊ ಹೇಗೆ ಕೆಲಸ ಮಾಡುತ್ತದೆ ಎಂಬ ಭಾಗ ಒಂದು, ನಿಯಮಗಳ ಭಾಗ ಒಂದು. ರೆಸ್ಟ್ರಿಕ್ಟೆಡ್ ದರ್ಜೆಗೆ ಅಷ್ಟೇ. ಜನರಲ್ ದರ್ಜೆಗೆ ಮೋರ್ಸ್ ಸಂಕೇತವೂ ಬರಬೇಕು, ನಿಮಿಷಕ್ಕೆ ಎಂಟು ಪದ. ಅರ್ಜಿ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ಪಾಸಾದ ಮೇಲೂ ಲೈಸೆನ್ಸ್ ಕೈಗೆ ಬರಲು ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಬಂದಾಗ ವಿಯು2 ಅಥವಾ ವಿಯು3 ಎಂದು ಶುರುವಾಗುವ ಕರೆಸಂಕೇತವೊಂದು ನಿಮ್ಮದಾಗುತ್ತದೆ. ಕಲಿಸುವವರು ಬೆಂಗಳೂರಿನಲ್ಲೇ ಇದ್ದಾರೆ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ತರಗತಿ ನಡೆಸುತ್ತದೆ.

ಕೈಸೆಟ್ಟಿನವರಿಗೆ ಸಿಗುವುದು 144ರಿಂದ 146 ಮತ್ತು 434ರಿಂದ 438 ಮೆಗಾಹರ್ಟ್ಸ್. ಐದು ವ್ಯಾಟ್ ಬಳಸಬಹುದು, ಉದ್ದದ ಆಂಟೆನಾ ಹಾಕಬಹುದು, ಬಂದ ಮಾತನ್ನು ಹಿಡಿದು ಮತ್ತೆ ಪ್ರಸಾರ ಮಾಡುವ, ಬೆಟ್ಟದ ಮೇಲಿನ ರಿಪೀಟರ್ ಮೂಲಕ ಜಿಲ್ಲೆ ದಾಟಿ ಮಾತಾಡಬಹುದು. ಗಮನಿಸಿ: 446 ಈ ಪಟ್ಟಿಯಲ್ಲಿಲ್ಲ. ಹ್ಯಾಮ್ ಲೈಸೆನ್ಸ್ ಇದೆಯೆಂದು ಹ್ಯಾಮ್ ಸೆಟ್ಟಿನಲ್ಲಿ ತೋಟದ 446 ಸೆಟ್ಟುಗಳ ಜೊತೆ ಮಾತಾಡುವಂತಿಲ್ಲ.

ಲೈಸೆನ್ಸ್ ಇರುವುದು ವ್ಯಕ್ತಿಗೆ. ನನ್ನ ಸೆಟ್ಟನ್ನು ರೈಟರ ಕೈಗೆ ಕೊಟ್ಟು ಹೋಗುವಂತಿಲ್ಲ, ಅವರೂ ಪರೀಕ್ಷೆ ಬರೆದಿರಬೇಕು. ವ್ಯಾಪಾರದ ಮಾತಂತೂ ಇಲ್ಲವೇ ಇಲ್ಲ. ಆನೆ ಬಂದಿದೆ, ಜೀವಕ್ಕೆ ಅಪಾಯ ಎಂಬ ಕರೆ ಬೇರೆ. ಆದರೆ ‘ಇವತ್ತು ಎಷ್ಟು ಮೂಟೆ ಆಯ್ತು, ಲಾರಿ ಎಷ್ಟೊತ್ತಿಗೆ?’ ಎಂದು ಹ್ಯಾಮ್ ಪಟ್ಟಿಯಲ್ಲಿ ದಿನಾ ಕೇಳಿದರೆ ಅದು ನಿಯಮದ ಉಲ್ಲಂಘನೆ. ತೋಟ ನಡೆಸಲು ಹ್ಯಾಮ್ ಆಗುತ್ತೇನೆ ಎಂದು ಬರುವವರಿಗೆ ನಾನು ಬೇಡ ಎನ್ನುತ್ತೇನೆ. ರೇಡಿಯೊ ಕಲಿಯಬೇಕು, ಆಪತ್ತಿನಲ್ಲಿ ಊರಿಗೆ ಒದಗಬೇಕು ಎನ್ನುವವರಿಗೆ ನಾಳೆಯೇ ಶುರುಮಾಡಿ ಎನ್ನುತ್ತೇನೆ. 2004ರ ಡಿಸೆಂಬರ್ 26ರಂದು ಸುನಾಮಿ ಬಡಿದಾಗ ಹೈದರಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೊದ ಭಾರತಿ ಪ್ರಸಾದ್ ಮತ್ತವರ ತಂಡ ಪೋರ್ಟ್‌ಬ್ಲೇರಿನಲ್ಲೇ ಇತ್ತು. ಪ್ರಪಂಚದ ಹ್ಯಾಮ್‌ಗಳ ಜೊತೆ ಮಾತಾಡಲೆಂದು ತಂದ ಯಂತ್ರಗಳಲ್ಲೇ ಅವರು ಅಂಡಮಾನಿನ ಜನರ ಕ್ಷೇಮಸಮಾಚಾರವನ್ನು ಮುಖ್ಯಭೂಮಿಗೆ ಮುಟ್ಟಿಸಿದರು. ಅಲ್ಲಿ ಬಳಕೆಯಾದದ್ದು ದೂರಕ್ಕೆ ಹೋಗುವ ದೊಡ್ಡ ಸೆಟ್ಟುಗಳು. ಆದರೆ ಆ ಶಿಸ್ತು ಶುರುವಾಗುವುದು ಕೈಯಲ್ಲಿ ಹಿಡಿಯುವ ಈ ಸಣ್ಣ ಸೆಟ್ಟಿನಿಂದಲೇ.

ಸಂಸ್ಥೆಯ ಲೈಸೆನ್ಸು, ಸಿಮ್ ಸೆಟ್ಟು

ಎರಡು ಮೂರು ಗುಡ್ಡಕ್ಕೆ ಹರಡಿದ ದೊಡ್ಡ ಎಸ್ಟೇಟು, ಕಾರ್ಖಾನೆ, ರೆಸಾರ್ಟುಗಳಿಗೆ ಸರಿಯಾದ ದಾರಿ ಸಂಸ್ಥೆಯ ಹೆಸರಿನಲ್ಲೇ ಲೈಸೆನ್ಸ್ ಪಡೆಯುವುದು. ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ನಿಮಗೆಂದೇ ಆವರ್ತನ ಗೊತ್ತುಮಾಡಿ ಕೊಡುತ್ತದೆ. ಕೆಲಸಗಾರರು ಯಾರು ಬೇಕಾದರೂ ಮಾತಾಡಬಹುದು, ವ್ಯಾಪಾರದ ಮಾತೂ ಆಡಬಹುದು, ವಿಎಚ್‌ಎಫ್ ಕೇಳಬಹುದು, ರಿಪೀಟರ್ ಹಾಕಬಹುದು. ಕಾಗದಪತ್ರದ ಓಡಾಟ, ವರ್ಷವರ್ಷ ಕಟ್ಟುವ ಶುಲ್ಕ ಇದರ ಬೆಲೆ. ಐದಾರು ಸೆಟ್ಟಿಗೆ ಇದು ಭಾರವೆನಿಸಬಹುದು, ಐವತ್ತು ಸೆಟ್ಟಿಗೆ ಅಲ್ಲ.

ಇನ್ನೊಂದು ಜಾತಿಯೂ ಬಂದಿದೆ. ನೋಡಲು ವಾಕಿಟಾಕಿ, ಒಳಗೆ ಮೊಬೈಲ್ ಸಿಮ್. ಮೈಸೂರಿನಲ್ಲಿ ಗುಂಡಿ ಒತ್ತಿದರೆ ಬೆಳಗಾವಿಯಲ್ಲಿ ಕೇಳಿಸುತ್ತದೆ. ಸಾರಿಗೆ ಕಂಪನಿಗೆ, ನಗರದ ಸೆಕ್ಯೂರಿಟಿ ಏಜೆನ್ಸಿಗೆ ಇದಕ್ಕಿಂತ ಸುಲಭದ್ದು ಬೇರೊಂದಿಲ್ಲ. ಆದರೆ ಟವರ್ ಇಲ್ಲದ ಕಡೆ ಅದು ಬರೀ ಡಬ್ಬ. ನೆಟ್‌ವರ್ಕ್ ಇಲ್ಲವೆಂದೇ ವಾಕಿಟಾಕಿ ಹುಡುಕುವ ಮಲೆನಾಡಿನವರು ಇದನ್ನು ತಂದರೆ ಮೊದಲಿದ್ದ ಜಾಗಕ್ಕೇ ಬಂದು ನಿಲ್ಲುತ್ತಾರೆ.

ಕಡಲಿಗೆ ಬೇರೆಯದೇ ಸೆಟ್ಟು

ಮಲ್ಪೆ, ಮಂಗಳೂರು, ಕಾರವಾರದ ದೋಣಿಯವರಿಗೆ ಮೇಲಿನ ಯಾವುದೂ ಬೇಡ. ಅವರಿಗೆ ಬೇಕಾದ್ದು ಮೆರೈನ್ ವಿಎಚ್‌ಎಫ್, ಅದರ ಲೈಸೆನ್ಸ್ ಸಮೇತ. ಚಾನೆಲ್ 16, ಅಂದರೆ 156.8 ಮೆಗಾಹರ್ಟ್ಸ್, ಜಗತ್ತಿನಾದ್ಯಂತ ಅಪಾಯದ ಕರೆಗೂ ಮೊದಲ ಕೂಗಿಗೂ ಮೀಸಲು. ಅಲ್ಲಿ ಕರೆದು, ಉತ್ತರ ಬಂದ ಮೇಲೆ ಬೇರೆ ಚಾನೆಲ್ಲಿಗೆ ಹೋಗಿ ಮಾತಾಡಬೇಕು. ಮೀನಿನ ರೇಟು ಮಾತಾಡುವ ಜಾಗ ಅದಲ್ಲ. ಬಂದರಿನೊಳಗೆ 1 ವ್ಯಾಟ್ ಸಾಕು, ಹೊರಗೆ 5.

ಮೂರು ಮೀಟರ್ ಎತ್ತರದಿಂದ ಮಾತಾಡುವ ಎರಡು ದೋಣಿಗಳ ನಡುವೆ ಲೆಕ್ಕದ ಪ್ರಕಾರ 14 ಕಿ.ಮೀ. ಸಿಗುತ್ತದೆ. ಅದಕ್ಕಿಂತ ಬಹಳ ದೂರ ಹೋಗುವವರು ಕೈಸೆಟ್ಟೊಂದನ್ನೇ ನೆಚ್ಚಿಕೊಂಡು ಹೋಗಬಾರದು. ಇಸ್ರೊ ರೂಪಿಸಿದ, ಉಪಗ್ರಹದ ಮೂಲಕ ಅಪಾಯದ ಸಂದೇಶ ಕಳಿಸುವ ಡಿಸ್ಟ್ರೆಸ್ ಅಲರ್ಟ್ ಟ್ರಾನ್ಸ್‌ಮಿಟರ್ ಜೊತೆಗಿರಲಿ. ದಡದಲ್ಲಿರುವ ಮನೆಯವರಿಗೆ ಕೋಸ್ಟ್ ಗಾರ್ಡಿನ 1554 ಸಂಖ್ಯೆ ಬಾಯಿಪಾಠವಾಗಿರಲಿ. ವಿದೇಶದಿಂದ ಯಾರೋ ತಂದುಕೊಟ್ಟ ಸ್ಯಾಟಲೈಟ್ ಫೋನನ್ನು ಮಾತ್ರ ಅನುಮತಿ ಇಲ್ಲದೆ ಮುಟ್ಟಬೇಡಿ. ನಮ್ಮ ದೇಶದಲ್ಲಿ ಅದು ಬಂಧನದವರೆಗೂ ಹೋಗುತ್ತದೆ.

ಸೆಟ್ಟು ಹೊಂದಿಸುವಾಗ

ಎಲ್ಲ ಸೆಟ್ಟುಗಳಲ್ಲೂ ಚಾನೆಲ್ ಒಂದೇ ಇರಬೇಕು, ಜೊತೆಗೆ ಟೋನ್ ಕೋಡೂ ಒಂದೇ ಇರಬೇಕು. ಟೋನ್ ಎಂದರೆ ಮಾತಿನ ಕೆಳಗೆ ಕಿವಿಗೆ ಬೀಳದಂತೆ ಹರಿಯುವ ಒಂದು ಸಣ್ಣ ದನಿ. ಅದೇ ಟೋನ್ ಬಂದರೆ ಮಾತ್ರ ಸೆಟ್ಟಿನ ಸ್ಪೀಕರ್ ತೆರೆಯುತ್ತದೆ. ಕೈಪಿಡಿಗಳಲ್ಲಿ ಇದನ್ನು ‘ಪ್ರೈವಸಿ ಕೋಡ್’ ಎಂದು ಬರೆಯುತ್ತಾರೆ, ಅದು ದಾರಿತಪ್ಪಿಸುವ ಹೆಸರು. ಟೋನ್ ಹಾಕಿದರೆ ಬೇರೆಯವರ ಮಾತು ನಿಮಗೆ ಕೇಳಿಸುವುದಿಲ್ಲ, ಅಷ್ಟೇ. ನಿಮ್ಮ ಮಾತನ್ನು ಯಾರು ಬೇಕಾದರೂ ಕೇಳಬಹುದು. ಸಂಬಳದ ದಿನ ಎಷ್ಟು ದುಡ್ಡು ತರುತ್ತಿದ್ದೇವೆ ಎಂದು ವಾಕಿಟಾಕಿಯಲ್ಲಿ ಹೇಳಬೇಡಿ.

ಒಮ್ಮೆ ನಮ್ಮ ಒಂದು ಸೆಟ್ಟಿನ ಟೋನ್ ಯಾರದೋ ಬೆರಳು ತಾಗಿ ಬದಲಾಗಿತ್ತು. ಅರ್ಧ ದಿನ ಆ ಬ್ಲಾಕಿನವರು ನಮಗೆ ಸಿಗಲಿಲ್ಲ, ಸೆಟ್ಟು ಚಾಲೂ ಇದ್ದದ್ದರಿಂದ ಅವರಿಗೂ ಅನುಮಾನ ಬರಲಿಲ್ಲ. ಅಂದಿನಿಂದ ಕೀಪ್ಯಾಡ್ ಲಾಕ್ ಕಡ್ಡಾಯ. ಖಾಲಿ ಚಾನೆಲ್ಲಿನ ಗೊರಗೊರ ಸದ್ದನ್ನು ತಡೆಯುವ ಸ್ಕ್ವೆಲ್ಚ್ ಇದ್ದರೆ, ಅದನ್ನು ಸದ್ದು ನಿಲ್ಲುವಷ್ಟಕ್ಕೆ ಮಾತ್ರ ಏರಿಸಿ. ಜಾಸ್ತಿ ಏರಿಸಿದರೆ ದೂರದ ಕ್ಷೀಣ ದನಿಯೂ ಸದ್ದಿನ ಜೊತೆ ಸತ್ತುಹೋಗುತ್ತದೆ. ದನಿ ಕೇಳಿದ ಕೂಡಲೇ ತಾನೇ ಪ್ರಸಾರ ಶುರುಮಾಡುವ ವಾಕ್ಸ್ ಸೌಲಭ್ಯವನ್ನು ಆರಿಸಿಡಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಸದ್ದಿಗೇ ಅದು ಚಾನೆಲ್ ಹಿಡಿದು ಕೂರುತ್ತದೆ. ಗುಂಡಿ ಸಿಕ್ಕಿಹಾಕಿಕೊಂಡರೆ ಪ್ರಸಾರ ನಿಲ್ಲಿಸುವ ಟೈಮ್‌ಔಟ್ ಅನ್ನು ಅರವತ್ತು ಸೆಕೆಂಡಿಗೆ ಇಡಿ.

ಮೈಗೆ, ಬ್ಯಾಟರಿಗೆ, ಸುತ್ತಲಿಗೆ

ಮಾತಾಡುವಾಗ ಸೆಟ್ಟನ್ನು ನೆಟ್ಟಗೆ ಹಿಡಿದು ಬಾಯಿಯಿಂದ ಎರಡು ಬೆರಳು ದೂರ ಇಡಿ. ಆಂಟೆನಾವನ್ನು ಹಿಡಿಯಬೇಡಿ, ಕಣ್ಣಿನ ಹತ್ತಿರ ತರಬೇಡಿ. ಅಲ್ಲಿಂದ ಹೊರಡುವ ಶಕ್ತಿ ಹತ್ತಿರದ ಅಂಗಾಂಶವನ್ನು ಬಿಸಿ ಮಾಡಬಲ್ಲದು. ಅರ್ಧ ವ್ಯಾಟಿನಲ್ಲಿ ಅದು ಅಲ್ಪ, ಐದು ವ್ಯಾಟಿನಲ್ಲಿ ಲೆಕ್ಕಕ್ಕೆ ಬರುತ್ತದೆ. ಮಾತಾಡಿದಷ್ಟೇ ಹೊತ್ತು ಕೇಳಿಸಿಕೊಳ್ಳುವ ಅಭ್ಯಾಸ ಇದ್ದರೆ ಮೈಗೂ ಒಳ್ಳೆಯದು, ಬ್ಯಾಟರಿಗೂ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಸೆಟ್ಟನ್ನು ಅಂಗಿಯ ಜೇಬಿನಲ್ಲಿ ಇಡಬಾರದು. ಬಿಚ್ಚುವ ಆಂಟೆನಾದ ಹ್ಯಾಮ್ ಸೆಟ್ಟಿನಲ್ಲಿ ಆಂಟೆನಾ ಇಲ್ಲದೆ ಗುಂಡಿ ಒತ್ತಲೇಬೇಡಿ. ಹೊರಹೋಗದ ಶಕ್ತಿ ಹಿಂದಿರುಗಿ ಒಳಗಿನ ಟ್ರಾನ್ಸಿಸ್ಟರನ್ನು ಸುಡಬಹುದು.

ಲಿಥಿಯಂ ಬ್ಯಾಟರಿಯನ್ನು ಬೀಗದಕೈ, ಚಿಲ್ಲರೆ ಕಾಸಿನ ಜೊತೆ ಚೀಲಕ್ಕೆ ಹಾಕಿದರೆ ತುದಿಗಳು ಕೂಡಿ ಬೆಂಕಿ ಹತ್ತಬಹುದು. ಉಬ್ಬಿದ್ದನ್ನು ಇನ್ನೊಂದು ದಿನ ನೋಡೋಣ ಎಂದು ಇಟ್ಟುಕೊಳ್ಳಬೇಡಿ. ಚಾರ್ಜರ್ ಆ ಸೆಟ್ಟಿನದ್ದೇ ಇರಲಿ, ಒಲೆಯ ಪಕ್ಕದಲ್ಲಿ ಮಾತ್ರ ಬೇಡ. ನಮ್ಮ ಮಳೆಗೆ ಐಪಿ67 ಎಂದಿರುವ ಸೆಟ್ಟು ನೋಡಿ, ಅದು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುವಂಥದು. ಐಪಿ54 ಎರಚಲಿಗೆ ಮಾತ್ರ.

ಪೆಟ್ರೋಲ್ ಆವಿ ಇರುವ ಕಡೆ ಸೆಟ್ಟು ಬಳಸಬೇಡಿ, ಬ್ಯಾಟರಿ ಬದಲಿಸಲೂ ಬೇಡಿ. ಕಲ್ಲು ಕ್ವಾರಿಯ ಹತ್ತಿರ ಇನ್ನೂ ಎಚ್ಚರ ಬೇಕು. ವಿದ್ಯುತ್ ಡಿಟೊನೇಟರಿನ ತಂತಿಗಳೇ ಆಂಟೆನಾದಂತೆ ರೇಡಿಯೊ ಶಕ್ತಿಯನ್ನು ಹಿಡಿದು, ಸಿಡಿಯಬಾರದ ಹೊತ್ತಿನಲ್ಲಿ ಸಿಡಿಯುವ ಅಪಾಯವಿದೆ. ಸಿಡಿಮದ್ದು ತುಂಬಿಸುತ್ತಿದ್ದರೆ ಸೆಟ್ಟನ್ನು ಪೂರ್ತಿ ಆರಿಸಿ. ಗುಡುಗು ಕೇಳಿಸಿದರೆ ಸಿಗ್ನಲ್ ಚೆನ್ನಾಗಿದೆಯೆಂದು ನೆತ್ತಿಯ ಮೇಲೆ ನಿಲ್ಲಬೇಡಿ, ಕೆಳಗಿಳಿಯಿರಿ.

ಮಾತಾಡುವ ಕ್ರಮ ಎಲ್ಲರಿಗೂ ಒಂದೇ. ಮೊದಲು ಕೇಳಿಸಿಕೊಳ್ಳಿ, ಚಾನೆಲ್ ಖಾಲಿಯಿದೆಯೇ ನೋಡಿ. ಗುಂಡಿ ಒತ್ತಿ ಒಂದು ಕ್ಷಣ ತಡೆದು ಮಾತು ಶುರುಮಾಡಿ. ಇಲ್ಲದಿದ್ದರೆ ಮೊದಲ ಪದ ಕತ್ತರಿಸಿಹೋಗುತ್ತದೆ, ‘ಬರಬೇಡಿ’ ಎಂಬುದರಲ್ಲಿ ಏನು ಉಳಿದೀತು ಯೋಚಿಸಿ. ಯಾರನ್ನು ಕರೆಯುತ್ತೀರೋ ಅವರ ಹೆಸರು ಮೊದಲು, ನಿಮ್ಮ ಹೆಸರು ಆಮೇಲೆ. ಉತ್ತರ ಬೇಕಿದ್ದರೆ ‘ಓವರ್’, ಮಾತು ಮುಗಿದರೆ ‘ಔಟ್’. ಅಪಾಯದ ಮಾತನ್ನು ಕೇಳಿದವರು ತಿರುಗಿ ಹೇಳಲೇಬೇಕು.

ನಮ್ಮ ತೋಟಕ್ಕೆ ಕೊನೆಗೆ ಬಂದದ್ದು ಐದು 446 ಸೆಟ್ಟು. ನಡುವಿನ ದಿಣ್ಣೆ ಅಡ್ಡಬರುವುದರಿಂದ ಕೆಳಗಿನ ಬ್ಲಾಕಿನ ಮಾತು ಕಣಕ್ಕೆ ನೇರ ಮುಟ್ಟುವುದಿಲ್ಲ. ಅದಕ್ಕೆ ಕುಯ್ಲಿನ ದಿನಗಳಲ್ಲಿ ದಿಣ್ಣೆಯ ಮೇಲೆ ಕೆಲಸ ಮಾಡುವವರೊಬ್ಬರ ಕೈಗೆ ಒಂದು ಸೆಟ್ಟು ಕೊಟ್ಟಿದ್ದೇವೆ. ಕೆಳಗಿನಿಂದ ಬಂದ ಮಾತನ್ನು ಅವರು ಹಾಗೇ ಈ ಕಡೆಗೆ ಹೇಳುತ್ತಾರೆ. ಬೆಳಿಗ್ಗೆ ಎಂಟಕ್ಕೆ ಕಣದಿಂದ ಒಬ್ಬೊಬ್ಬರನ್ನೇ ಕರೆಯುತ್ತೇವೆ. ಯಾರಾದರೂ ಉತ್ತರ ಕೊಡದಿದ್ದರೆ ಚಾರ್ಜಾದ ಬ್ಯಾಟರಿ ಹಿಡಿದು ಒಬ್ಬರು ಅತ್ತ ಹೊರಡುತ್ತಾರೆ. ಅವರು ಮುಟ್ಟಿ, ಆ ಸೆಟ್ಟಿನಿಂದ ಮಾತು ಬರುವವರೆಗೆ ಆ ಬ್ಲಾಕಿನಲ್ಲಿ ಕುಯ್ಲು ಶುರುವಾಗುವುದಿಲ್ಲ.